ಶರಣು ಎಂದರೆ ತೆರೆಯುತ್ತಿದ್ದ ವೈಫೈ

ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಇನ್ನೇನು ತಿರುವಬೇಕು, ಒಳಕೋಣೆಯಿಂದ ಸೊಸೆ, "ಅತ್ತೀ, ಒಲಿ ಸಣ್ಣ ಮಾಡಿ ಸ್ವಲ್ಪ ಬರ್ರಿ" ಎಂದಳು. ಅವಳು ಹಾಗೆಲ್ಲ ಕರೆಯುವವಳಲ್ಲ. ಏಳು ತಿಂಗಳ ಬಸುರಿ, ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಹಿಟ್ಟಿನ ಕೈಯಲ್ಲೇ ಓಡಿದೆ.

ಹೊಟ್ಟೆನೋವಲ್ಲ, ಏನೂ ಅಲ್ಲ ಎಂದು ಮೊದಲೇ ಹೇಳಿದಳು. ಶಿವನೇ, ಅಷ್ಟು ಸಾಕು ಎಂದು ನಿಂತಲ್ಲೇ ಕೈ ಮುಗಿದೆ. ಆಮೇಲೆ ಅವಳ ಮುಖ ನೋಡಿದೆ. ಅತ್ತು ಒರೆಸಿಕೊಂಡ ಮುಖ.

ನನ್ನ ಸೊಸೆ ಕಲಬುರಗಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಮನೆಯಿಂದಲೇ ರಿಪೋರ್ಟು ಟೈಪ್ ಮಾಡಿ ಕಳಿಸುತ್ತಾಳೆ. ಯಾರಿಗೆ ಸಕ್ಕರೆ ರೋಗ, ಯಾರಿಗೆ ಏನು ಎಂಬುದೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿ ಬಂದು ಹೋಗುತ್ತದೆ. ಒಂದು ಹೆಸರನ್ನೂ ನನ್ನ ಮುಂದೆ ಅವಳು ಬಾಯಿ ಬಿಟ್ಟವಳಲ್ಲ. ಆ ಲ್ಯಾಪ್‌ಟಾಪು ಲ್ಯಾಬಿನವರು ಕೊಟ್ಟದ್ದು. ಅದರೊಳಗೆ ಕಾವಲಿನ ಪ್ರೋಗ್ರಾಮೊಂದು ಇದೆಯಂತೆ. ನಮ್ಮ ಮನೆಯ ನೆಟ್ಟಿನಲ್ಲಿರುವ ಹೊರಗಿನ ಯಾವುದೋ ಒಂದು ಯಂತ್ರ ಅವಳ ರಿಪೋರ್ಟಿನ ಫೋಲ್ಡರ್ ಬಾಗಿಲು ತಟ್ಟಿದೆ ಎಂದು ಅದು ಲ್ಯಾಬಿಗೆ ಸುದ್ದಿ ಮುಟ್ಟಿಸಿತ್ತು. ಲ್ಯಾಬಿನ ಮೇಡಂ ಫೋನು ಮಾಡಿ, ಆ ಲ್ಯಾಪ್‌ಟಾಪನ್ನು ನೆಟ್ಟಿಗೆ ಹಚ್ಚಬೇಡ, ನಾಳೆ ಮಧ್ಯಾಹ್ನದೊಳಗೆ ವೈಫೈ ಬಂದೋಬಸ್ತ್ ಮಾಡಿ ಸೆಟ್ಟಿಂಗಿನ ಫೋಟೋ ಕಳಿಸು, ಆಗದಿದ್ದರೆ ಈ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದಿದ್ದರು. ಬೈದಿರಲಿಲ್ಲ. ರೋಗಿಗಳ ಗುಟ್ಟು ತಾಯೀ, ನನ್ನ ಕೈಲಿಲ್ಲ ಎಂದಿದ್ದರಂತೆ.

ಆ ಕೆಲಸ ಅವಳಿಗೆ ಏನೆಂದು ನನಗೆ ಗೊತ್ತು. ಕೆಲಸವಿದ್ದ ದಿನ ಎರಡು ರೊಟ್ಟಿ ಉಣ್ಣುತ್ತಾಳೆ. ರಜೆಯ ದಿನ ಛತ್ತು ನೋಡುತ್ತಾ ಮಲಗಿ ಒಂದಕ್ಕೇ ಕೈ ತೊಳೆಯುತ್ತಾಳೆ. ಹೆರಿಗೆಯ ನಂತರವೂ ಜಾಗ ಕಾಯ್ದಿಡುತ್ತೇನೆಂದು ಅದೇ ಮೇಡಂ ಮಾತು ಕೊಟ್ಟಿದ್ದರು.

ಯಜಮಾನರು ತೊಗರಿ ತೂಕಕ್ಕೆಂದು ಹೋಗಿದ್ದರು, ಎರಡು ದಿನ ಬರುವವರಲ್ಲ. ಮಗ ಅಫಜಲಪುರದಲ್ಲಿ ನೌಕರಿ, ವಾರಕ್ಕೊಮ್ಮೆ ಬರುವವನು. ನೆಟ್ಟಿನ ಕೇಬಲ್ ಹಾಕಿದವನಿಗೆ ಫೋನು ಮಾಡಿದರೆ, ಅವನು ಜೇವರ್ಗಿಯಲ್ಲಿ ಷಡ್ಡಕನ ಮಗಳ ಮದುವೆಯಲ್ಲಿ. ನಾಡಿದ್ದು ಬರುತ್ತೇನೆ ಎಂದ. ಆಮೇಲೆ ಸೊಸೆಯ ಧ್ವನಿ ಕೇಳಿ ಪಾಪ ಅನ್ನಿಸಿತೇನೋ, ಫೋನಿನಲ್ಲೇ ಹೇಳಿಕೊಡುತ್ತೇನೆ, ಮಾಡುವವರು ಯಾರಿದ್ದಾರೆ ಎಂದು ಕೇಳಿದ. ಸೊಸೆ ನನ್ನನ್ನು ನೋಡಿದಳು. ನಾನು ಹೋಗಿ ಒಲೆ ಆರಿಸಿ, ಹಿಟ್ಟಿನ ಮೇಲೆ ಒದ್ದೆ ಅರಿವೆ ಮುಚ್ಚಿ, ಕೈ ತೊಳೆದು ಬಂದೆ.

ನಮ್ಮ ವೈಫೈಗೆ ಪಾಸ್‌ವರ್ಡು ಬಂದ ಕಥೆ ಇಲ್ಲಿ ಹೇಳಲೇಬೇಕು. ವೈಫೈಯ ಡಬ್ಬಿ, ಅಂದರೆ ರೌಟರ್, ಕೂಡಿಸಿದ ದಿನ ಕೇಬಲ್ಲಿನವನು ಪಡಸಾಲೆಯಲ್ಲಿ ಕುಳಿತು, "ಕಾಕೂ, ಪಾಸ್‌ವರ್ಡ್ ಏನ ಇಡ್ಲಿ?" ಎಂದು ಕೇಳಿದ್ದ. ಅದೇ ಹೊತ್ತಿಗೆ ಬಾಗಿಲಿಗೆ ನೆಂಟರು ಬಂದರು. ಬಂದವರಿಗೆ ನಾನು ಯಾವಾಗಲೂ ಅನ್ನುವ ಹಾಗೆ "ಶರಣು ಶರಣಾರ್ಥಿ, ಬರ್ರಿ" ಅಂದೆ. ಅವನು ಬರ್ರಿ ಒಂದನ್ನು ಬಿಟ್ಟು ಉಳಿದದ್ದನ್ನು ಒತ್ತಿಬಿಟ್ಟ. ಆಮೇಲೆ ತಿಳಿದು ಮನೆಮಂದಿಯೆಲ್ಲ ನಕ್ಕೆವು. ಒಳ್ಳೆಯ ಮಾತು, ನೆನಪಿನಲ್ಲೂ ಇರುತ್ತದೆ, ಇರಲಿ ಎಂದರು ಯಜಮಾನರು. ಆ ನಗೆಯ ಕಥೆಯನ್ನು ಬಂದವರಿಗೆಲ್ಲ ಹೇಳಿದೆವು. ಕೇಳದವರೂ ಇರಲಿಲ್ಲ ಅನ್ನಿ, ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ನಿಂತು ಅದನ್ನೇ ಗಟ್ಟಿಯಾಗಿ ಅನ್ನುವವಳು ನಾನು. ಇಡೀ ಆಳಂದದಲ್ಲಿ ತನ್ನ ಬೀಗದ ಕೈಯನ್ನು ಓಣಿಗೆ ಕೂಗಿ ಹೇಳುತ್ತಿದ್ದ ಮನೆ ನಮ್ಮದೊಂದೇ ಇರಬೇಕು.

ವೈಫೈ ಮೇಲೆ ಕುಳಿತುಕೊಂಡು ವೈಫೈಯನ್ನೇ ಬದಲಿಸಿದರೆ ನಡುವೆ ಕಡಿದುಹೋಗುತ್ತದೆ, ಡಬ್ಬಿಗೂ ಲ್ಯಾಪ್‌ಟಾಪಿಗೂ ತಂತಿ ಹಚ್ಚಿರಿ ಎಂದ ಕೇಬಲ್ಲಿನವನು. ಮಗನ ಹಳೆಯ ಲ್ಯಾಪ್‌ಟಾಪು ತಂದೆ. ತಂತಿ ಗೇಣುದ್ದ. ಡಬ್ಬಿಯೋ ಪಡಸಾಲೆಯಲ್ಲಿ ದೇವರ ಜಗಲಿಯ ಪಕ್ಕದ ಹಲಗೆಯ ಮೇಲೆ. ಸೊಸೆ ಒಳಗೆ ಮಂಚದ ಮೇಲೆ. ಹೀಗಾಗಿ ನಾನು ಸ್ಟೂಲಿನ ಮೇಲೆ ಲ್ಯಾಪ್‌ಟಾಪಿಟ್ಟು ನಿಂತು ಒಂದು ಬೆರಳಿನಿಂದ ಒತ್ತುವುದು, ಪರದೆಯಲ್ಲಿ ಕಂಡದ್ದನ್ನು ಒದರಿ ಹೇಳುವುದು, ಅವಳು ಒಳಗಿನಿಂದ ದಾರಿ ತೋರಿಸುವುದು, ಅವಳ ಕಿವಿಯಲ್ಲಿ ಕೇಬಲ್ಲಿನವನು, ಅವನ ಹಿಂದೆ ಮದುವೆಯ ಬ್ಯಾಂಡು.

ಡಬ್ಬಿಯ ಒಳಗೆ ಹೋಗಲು ಬೇರೆಯೇ ಪಾಸ್‌ವರ್ಡು, ಅದು ಡಬ್ಬಿಯ ಮೈಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದಂತೆ. ತಿರುಗಿಸಿ ನೋಡಿದೆ. ಬೆಳಗಿನ ಪೂಜೆಯ ನಂತರ ಹೊಸ್ತಿಲು, ಫ್ರಿಜ್ಜು, ಮಿಕ್ಸರಿಗೆ ವಿಭೂತಿ ಹಚ್ಚುವಾಗ ಇದಕ್ಕೂ ಮೂರು ಬೆರಳು ಎಳೆಯುತ್ತಿದ್ದೆ. ಚೀಟಿ ಇದ್ದ ಮೈಯೇ ನನ್ನ ಕಡೆಗಿತ್ತು. ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಸೊಸೆ ಫೋನನ್ನು ಜೋರು ಮಾಡಿದ್ದಳು. ಅದನ್ನು ಒದರಿ ಹೇಳಿದ್ದೇ ಆ ಕಡೆಯಿಂದ ಕೇಬಲ್ಲಿನವನು ಕೇಳಿದ: "ವಿಭೂತಿ ಹಚ್ಚೀರಿ? ಕಾಕೂ, ಅದು ಪಾಸ್‌ವರ್ಡ್ ಅದರಿ, ಹಣಿ ಅಲ್ಲ."

ಒದ್ದೆ ಅರಿವೆಯಿಂದ ಮೆಲ್ಲಗೆ ಒರೆಸಿದೆ. ಅಕ್ಷರ ಒಂದೊಂದಾಗಿ ಎದ್ದವು. ಒಂದು ಮಾತ್ರ ಇಂಗ್ಲಿಷಿನ ಎಂಟೋ, ದೊಡ್ಡ ಬಿಯೋ ತಿಳಿಯಲೊಲ್ಲದು. ಎಂಟು ಒತ್ತಿದೆ, ತಪ್ಪು ಎಂದಿತು. ಬಿ ಒತ್ತಿದೆ, ತಪ್ಪು. ಗಡಿಬಿಡಿಯಲ್ಲಿ ಇನ್ನೊಮ್ಮೆ ಏನೋ ಒತ್ತಿದೆ. ಬಹಳ ಸಲ ತಪ್ಪಾಯಿತು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು. ಡಬ್ಬಿಯ ಹಿಂದೆ ಸೂಜಿ ಹೋಗುವಷ್ಟು ತೂತು ಕಂಡು, ಇದಕ್ಕೆ ಪಿನ್ನು ಚುಚ್ಚಿದರೆ ಎಲ್ಲ ಹೊಸದಾಗುತ್ತದೆಂದು ಮಗ ಯಾವಾಗಲೋ ಅಂದದ್ದು ನೆನಪಾಗಿ, ಸೆರಗಿನ ಪಿನ್ನು ಬಿಚ್ಚಿದೆ. ಕೇಬಲ್ಲಿನವನು ಗಾಬರಿಯಾದ. ಚುಚ್ಚಿದರೆ ತನ್ನ ಕಂಪನಿಯ ಲೈನಿನ ಗುರುತೂ ಅಳಿಸಿಹೋಗುತ್ತದೆ, ತಾನು ಬರುವ ತನಕ ಮನೆಯಲ್ಲಿ ನೆಟ್ಟೇ ಇರುವುದಿಲ್ಲ ಎಂದ. ಪಿನ್ನನ್ನು ಮತ್ತೆ ಸೆರಗಿಗೆ ಹಾಕಿದೆ. ಅವನು ಫೋನು ಇಟ್ಟು ಊಟಕ್ಕೆ ಹೋಗಿರಲಿಲ್ಲವಲ್ಲ, ಅದೊಂದು ದೇವರು ನಡೆಸಿಕೊಟ್ಟದ್ದು.

ಬಾಗಿಲು ತೆರೆಯುವ ತನಕ ಸೊಸೆಗೆ ಹಾಲು ಕೊಟ್ಟೆ. ಅವಳು ನಾನು ತೆಗೆದುಕೊಟ್ಟ ಚೀಟಿಯ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಅದು ಎಂಟೇ, ನಾನು ಅದರ ಮುಂದಿನ ಅಕ್ಷರವನ್ನು ಸಣ್ಣದಾಗಿ ಒತ್ತಿದ್ದೆ, ಅದು ದೊಡ್ಡದಾಗಬೇಕು ಎಂದು ಹುಡುಕಿ ತೆಗೆದಳು. ಈ ಸಲ ತೆರೆಯಿತು.

ಒಳಗೆ ಯಾರು ಯಾರು ಕೂತಿದ್ದಾರೆಂದು ನೋಡುವ ಜಾಗವೊಂದಿದೆ. ಆಗ ಮನೆಯಲ್ಲಿದ್ದ ನಮ್ಮವು ಎರಡು ಫೋನು, ಒಂದು ಪ್ರಿಂಟರು. ಅಲ್ಲಿದ್ದದ್ದೋ ಊಟದ ಪಂಕ್ತಿಯಷ್ಟು ಉದ್ದ. ಯಾವುದೋ ಟಿವಿ, ಎಂಥೆಂಥವೋ ಫೋನು. ಸೊಸೆ ಒಂದು ಹೊಸ ಪಾಸ್‌ವರ್ಡು ಕಟ್ಟಿ ಹೇಳಿದಳು, ಉದ್ದ, ಅರ್ಥವಿಲ್ಲದ್ದು. ವೈಫೈಯ ಹೆಸರಿನಲ್ಲಿದ್ದ ನಮ್ಮ ಮನೆತನದ ಹೆಸರನ್ನು ತೆಗೆಸಿದಳು. ಚೀಟಿಯ ಮೇಲಿನ ಪಾಸ್‌ವರ್ಡನ್ನೂ ಬದಲಿಸಿದೆವು. ಗುಂಡಿ ಒತ್ತಿದರೆ ಪಾಸ್‌ವರ್ಡಿಲ್ಲದೆ ಒಳಗೆ ಬಿಡುವ ಸೌಕರ್ಯವೊಂದು ಇತ್ತು, ಅದನ್ನು ಬಂದ್ ಮಾಡಿಸಿದಳು. ಮುಗಿಯಿತು ಎಂದು ನಾನು ಅಡುಗೆಮನೆಗೆ ಹೋಗಿ ರೊಟ್ಟಿ ಮುಗಿಸಿದೆ. ಹಿಟ್ಟು ಆಗಲೇ ಜಿಗುಟು ಕಳೆದುಕೊಂಡಿತ್ತು, ಅಂಚೆಲ್ಲ ಒಡೆದವು.

ಉಂಡ ಮೇಲೆ ಸೊಸೆ ಮತ್ತೆ ನೋಡಿಸಿದಳು. ಪಂಕ್ತಿ ಸ್ವಲ್ಪವೇ ಕರಗಿತ್ತು. ಟಿವಿ ಹಾಗೇ ಕೂತಿತ್ತು.

ಇಷ್ಟು ಕಠಿಣ ಪಾಸ್‌ವರ್ಡು ಯಾರಿಗೆ ತಿಳಿಯಿತು? ಕೇಬಲ್ಲಿನವನಿಗೆ ಮತ್ತೆ ಹಚ್ಚಿದೆವು, ಅವನು ಎತ್ತುವಷ್ಟರಲ್ಲಿ ಸಂಜೆಯಾಗಿತ್ತು. ಅವನು ಕೇಳಿದ್ದು ಒಂದೇ ಮಾತು, ಎರಡೂ ಬದಲಿಸಿದಿರಾ ಎಂದು. ಡಬ್ಬಿ ಒಂದೇ ಆದರೂ ಅದು ಎರಡು ಹೆಸರಿನಲ್ಲಿ ನೆಟ್ಟು ಬಿಡುತ್ತದೆ. ಒಂದು ಹತ್ತಿರಕ್ಕೆ, ಜೋರಾಗಿ; ಇನ್ನೊಂದು ನಿಧಾನ, ಆದರೆ ಗೋಡೆ ದಾಟಿ ಓಣಿಯ ತನಕ ಹೋಗುತ್ತದೆ. ನಾವು ಮೊದಲನೆಯದನ್ನು ಮಾತ್ರ ಬದಲಿಸಿದ್ದೆವು.

"ಅಂದ್ರ ಮುಂಬಾಗಿಲಿಗಿ ಕೀಲಿ ಹಾಕಿ ಹಿತ್ತಲ ಬಾಗಿಲಾ ಖುಲ್ಲಾ ಬಿಟ್ಟೀವಿ ನೋಡ ಬೇ" ಎಂದೆ.

ಸೊಸೆ ಬೆಳಗಿನಿಂದ ಮೊದಲ ಸಲ ನಕ್ಕಳು. ಎರಡನೆಯದನ್ನೂ ಬದಲಿಸಿ, ನಮ್ಮ ಫೋನು, ಪ್ರಿಂಟರಿಗೆ ಹೊಸದನ್ನು ತುಂಬಿದೆವು. ಈಗ ನೋಡಿದರೆ ನಮ್ಮವು ಮೂರೇ.

ಸ್ವಲ್ಪ ಹೊತ್ತಿಗೇ ಎದುರುಮನೆಯ ಹಿರಿಯರು ಕಟ್ಟೆಗೆ ಬಂದು, ತಮ್ಮ ಟಿವಿಯಲ್ಲಿ ಚಕ್ರ ಸುತ್ತುತ್ತಿದೆ, ನಿಮ್ಮದೂ ಹಾಗೆಯೋ ಎಂದು ಕೇಳಿದರು. ಅವರ ಮನೆಗೆ ಅವರದೇ ನೆಟ್ಟಿದೆ. ಟಿವಿ ತಂದ ದಿನ ಯಾರೋ ಪರೀಕ್ಷೆಗೆಂದು ನಮ್ಮದಕ್ಕೆ ಹಚ್ಚಿದವರು ಬಿಚ್ಚಿರಲಿಲ್ಲ. ಹಿರಿಯರು ಹೌಹಾರಿದರು. "ಇಷ್ಟ ದಿನಾ ನಾವು ನಿಮ್ಮದರ ಮ್ಯಾಲೆ ಪ್ರವಚನ ಕೇಳಾಕತ್ತಿದ್ವಿ ಏನ ತಂಗಿ?" ಎಂದರು. ಸೊಸೆ ಅದನ್ನು ಮೇಡಂಗೆ ಹೇಳಿದಾಗ ಮೇಡಂ, ಅಂಥ ಟಿವಿಗಳು ನೋಡಲು ಏನಾದರೂ ಸಿಗುತ್ತದೆಯೋ ಎಂದು ನೆಟ್ಟಿನಲ್ಲಿರುವ ಫೋಲ್ಡರುಗಳನ್ನೆಲ್ಲ ತಾವೇ ತಡಕುತ್ತವೆ, ಬಾಗಿಲು ತಟ್ಟಿದ್ದು ಅದೇ ಇರಬೇಕು ಎಂದರಂತೆ. ಕಳ್ಳನಲ್ಲ, ಟಿವಿ. ಯಾರ ಮೇಲೂ ಸಂಶಯ ಪಡಬೇಕಾಗಿ ಬರಲಿಲ್ಲವಲ್ಲ ಎಂದು ಸಂಜೆ ಲಿಂಗಪೂಜೆಯಲ್ಲಿ ಮನಸ್ಸು ಹಗುರವಾಗಿತ್ತು. ಆದರೂ ಮೇಡಂ ತಮ್ಮ ಮಾತು ಸಡಿಲಿಸಲಿಲ್ಲ. ಇವತ್ತು ಟಿವಿ, ನಾಳೆ ಮತ್ತೊಬ್ಬರು, ಫೋಟೋ ಬರಲೇಬೇಕು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನ ಮನೆಯವಳು ಬಂದು ಬಾಗಿಲಲ್ಲಿ ನಿಂತಳು. ಮಟಕಿ ಊರಿನ ಕಡೆಯ ಹೆಣ್ಣು, ಕಸ ತೆಗೆಯಲು ಹೊಲದ ಕೂಲಿಗೆ ಹೋಗುತ್ತಾಳೆ. ನಾನು ಶರಣು ಅಂದರೆ ಅವಳು ಜೈ ಭೀಮ್ ಅನ್ನುತ್ತಾಳೆ; ಬಹಳ ವರ್ಷದ ರೂಢಿ. ಆ ದಿನ ಅವಳು ಕೇಳಿದ್ದು, ನಿಮ್ಮ ಸೊಸೆ ಆರಾಮ ಇದ್ದಾಳಾ ಎಂದು. ನಿನ್ನೆ ಸಂಜೆಯಿಂದ ನೆಟ್ಟು ಇಲ್ಲ, ದವಾಖಾನೆಗೆ ಹೋಗಿ ಮನೆ ಬಂದ್ ಮಾಡಿದಿರೇನೋ ಎಂದು ರಾತ್ರಿಯೆಲ್ಲ ಫಿಕರ್ ಆಯಿತಂತೆ.

ಅವಳ ಗಂಡನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಕಬ್ಬು ನುರಿಸುವ ಹಂಗಾಮು ಮುಗಿಯುವ ತನಕ ಅಲ್ಲೇ ಇರುತ್ತಾನೆ. ಇದು ನನಗೆ ಗೊತ್ತಿತ್ತು. ಸಂಜೆ ಅವಳು ನಮ್ಮ ಹಿತ್ತಲಗೋಡೆಗೆ ಹತ್ತಿದ ಒಗೆಯುವ ಕಲ್ಲಿನ ಮೇಲೆ ಕುಳಿತು ಕೈ ಬೀಸುತ್ತಿರುವುದನ್ನೂ ನೋಡಿದ್ದೆ. ಸೊಳ್ಳೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಡನ ಜೊತೆ ಮಾತಾಡುತ್ತಿದ್ದಳು. ಅವರ ಮಾತೆಲ್ಲ ಕೈಯಲ್ಲಿ. ಫೋನಿನಲ್ಲಿ ಮುಖ, ಕೈ ಕಂಡರೆ ಮಾತ್ರ ಮಾತು. ಅವಳ ಪ್ಯಾಕಿನಲ್ಲಿ ಅಷ್ಟು ಹೊತ್ತಿನ ವಿಡಿಯೋ ನಡೆಯುವುದಿಲ್ಲ. ನಮ್ಮ ನೆಟ್ಟು ಆ ಕಲ್ಲಿನ ತನಕ ಬರುತ್ತಿತ್ತು. ಕದ್ದದ್ದೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಆ ಪಾಸ್‌ವರ್ಡನ್ನು ನಾನೇ ದಿನಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆನಲ್ಲ.

"ನಿನ್ನಿ ಕೈ ಎತ್ತಿದ್ರು ಅಕ್ಕಾರ, ಹಂಗೇ ನಿಂತಬಿಡ್ತು ಫೋನು" ಎಂದಳು. "ಏನ ಹೇಳಾಕತ್ತಿದ್ರೋ."

ಬೇರೆಯವರಾದರೆ ಫೋನಿನಲ್ಲಿ ಹಲೋ ಎಂದಾದರೂ ಕೇಳಬಹುದು.

ನೆಟ್ಟು ಬಿಡಿರಿ ಎಂದು ಅವಳು ಕೇಳಲಿಲ್ಲ. ಸೊಸೆಗೆ ಆರಾಮಿದ್ದರೆ ಸಾಕು ಎಂದು ಬುತ್ತಿ ಕಂಕುಳಲ್ಲಿಟ್ಟು ಕೂಲಿಗೆ ಹೊರಟಳು.

ಒಳಗೆ ಬಂದರೆ ಸೊಸೆ ಫೋಟೋಗಳನ್ನೆಲ್ಲ ತೆಗೆದು ಮೇಡಂಗೆ ಕಳಿಸಲು ತಯಾರಾಗಿದ್ದಳು. ಸ್ವಲ್ಪ ತಡಿ ಎಂದೆ. ಹಿತ್ತಲಲ್ಲಿ ಕೇಳಿದ್ದನ್ನು ಹೇಳಿದೆ. ಅವಳ ಮುಖ ಮತ್ತೆ ನಿನ್ನೆಯ ಹಾಗಾಯಿತು.

"ಅತ್ತೀ, ಹೊಸಾ ಪಾಸ್‌ವರ್ಡ್ ಆಕಿಗಿ ಕೊಟ್ರ ನನ್ನ ಕೆಲಸಾ ಹೋಗ್ತದ್ರಿ. ಹೊರಗಿನವರು ಯಾರೂ ಇಲ್ಲಂತ ಬರದ ಕೊಡಬೇಕು ನಾನು."

ಸುಳ್ಳು ಬರೆ ಎಂದು ನಾನು ಹೇಳಲಾರೆ. ಅವಳ ಕೆಲಸ ಹೋಗಲಿ ಎಂದೂ ಹೇಳಲಾರೆ. ಅವಳಿಗೆ ಕಣ್ಣು ತುಂಬಿದ್ದು ಸಿಟ್ಟಿಗಲ್ಲ ಎಂದೂ ಗೊತ್ತು. ಆ ಹೆಂಗಸಿನ ಮೇಲೆ ಅವಳಿಗೂ ಮನಸ್ಸಿತ್ತು. ಪಡಸಾಲೆಗೆ ಬಂದು ಡಬ್ಬಿಯ ಮುಂದೆ ನಿಂತೆ. ಪಕ್ಕದಲ್ಲೇ ಜಗಲಿ. ನಮ್ಮ ಮನೆಗೆ ಯಾರು ಬಂದರೂ ಈ ಪಡಸಾಲೆಯಲ್ಲಿ ಕೂರುತ್ತಾರೆ, ನೀರು ಕುಡಿಯುತ್ತಾರೆ, ಉಣ್ಣುತ್ತಾರೆ. ಆದರೂ ಒಳಗಿನ ಟ್ರೆಝರಿ ಕಪಾಟಿನ ಚಾವಿ ನನ್ನ ಸೊಂಟದಲ್ಲೇ ಇರುತ್ತದೆ. ಅದರಿಂದ ಬಂದವರಿಗೆ ಅವಮಾನವೂ ಆಗಿಲ್ಲ, ನಮಗೆ ಭಯವೂ ಆಗಿಲ್ಲ. ಅಲ್ಲಿಂದಲೇ ಕೂಗಿ ಕೇಳಿದೆ:

"ಈ ಡಬ್ಬಿಗಿ ಪಡಸಾಲಿ ಇಲ್ಲೇನ ಬೇ?"

ಒಳಗಿನಿಂದ ಸೊಸೆ, "ಅದ ಅತ್ತೀ. ಗೆಸ್ಟ್ ಅಂತಾರ. ನನಗ ಹೊಳದೇ ಇಲ್ಲ ನೋಡ್ರಿ" ಎಂದಳು.

ಫೋಟೋಗಳನ್ನು ಕಳಿಸುವ ಮೊದಲು ಮೇಡಂಗೇ ಫೋನು ಮಾಡು, ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದೆ. ಅವಳು ಹಿಂಜರಿದಳು. ಅವರು ಬೇಡ ಎಂದುಬಿಟ್ಟರೆ ಎಂದಳು. ಬೇಡ ಎಂದರೆ ಬೇಡ, ಮುಚ್ಚಿಟ್ಟು ಮಾಡಿದರೆ ನಿನಗೆ ದಿನಾ ಹೆದರಿಕೆ ಎಂದೆ. ಫೋನು ಮಾಡಿದಳು. ಕಲಬುರಗಿಯ ಮೇಡಂ ಪೂರಾ ಕೇಳಿದರು. ಮನೆಯ ನೆಟ್ಟು ಬೇರೆ, ಅತಿಥಿಗಳದ್ದು ಬೇರೆ ಇರಬಹುದು. ಆದರೆ ಅತಿಥಿಯ ಕಡೆಯಿಂದ ಮನೆಯ ಒಂದು ವಸ್ತುವೂ ಕಾಣಬಾರದು, ಬಾಯಿಮಾತು ಸಾಲದು, ಪರೀಕ್ಷೆ ಮಾಡಿ ತೋರಿಸಬೇಕು ಎಂದರು. ಕೊನೆಗೆ ದನಿ ಇಳಿಸಿ, "ನಿಮ್ಮ ಅತ್ತಿಯವರಿಗಿ ಹೇಳವಾ, ಕೇಳಿ ಮಾಡಿದ್ದು ಛಲೋ ಆಯ್ತಂತ" ಎಂದದ್ದು ನನಗೂ ಕೇಳಿಸಿತು.

ಮತ್ತೆ ಸ್ಟೂಲು, ಮತ್ತೆ ಗೇಣುದ್ದದ ತಂತಿ. ಅತಿಥಿಯ ನೆಟ್ಟು ತೆರೆದು, ಅದಕ್ಕೊಂದು ಬೇರೆ ಪಾಸ್‌ವರ್ಡು ಇಟ್ಟೆವು. ಸಂಜೆಯ ಹೊತ್ತು ಮಾತ್ರ ತೆರೆದಿರುವ ಹಾಗೆ ವೇಳೆ ಕಟ್ಟಬಹುದೆಂದು ಸೊಸೆ ಕಂಡುಹಿಡಿದಳು. ಅದಕ್ಕೂ ಮುಂಚೆ ಅವಳ ಕೆಲಸ ಮುಗಿದು ಲ್ಯಾಬಿನ ಲ್ಯಾಪ್‌ಟಾಪು ಮುಚ್ಚಿರುತ್ತದೆ. ಪರೀಕ್ಷೆ ಆಗುವ ತನಕ ವೇಳೆ ಕಟ್ಟುವುದು ಬೇಡ ಎಂದಳು. ನನ್ನ ಫೋನನ್ನು ಅತಿಥಿಯನ್ನಾಗಿ ಮಾಡಿ ಪರೀಕ್ಷೆಗೆ ಕೂಡಿಸಿದೆವು. ಒಂದು ಫೋಟೋ ಆರಿಸಿ ಪ್ರಿಂಟ್ ಎಂದು ಒತ್ತು ಅಂದಳು. ಒತ್ತಿದೆ. ಪ್ರಿಂಟರು ಗರ್ರ್ ಎಂದು ಹೊರಗೆ ಹಾಕಿತು. ಅತಿಥಿಗೆ ಮನೆಯ ಪ್ರಿಂಟರು ಕಂಡಿತ್ತು. ಪಡಸಾಲೆಗೂ ಒಳಮನೆಗೂ ನಡುವೆ ಗೋಡೆಯೇ ಇರಲಿಲ್ಲ.

ಬಿಸಿಲು ನೆತ್ತಿಗೆ ಬರುತ್ತಿತ್ತು. ಕೇಬಲ್ಲಿನವನು ಮದುಮಗಳನ್ನು ಕಳಿಸುವ ಗಡಿಬಿಡಿಯಲ್ಲಿ ಫೋನು ಎತ್ತಲಿಲ್ಲ. ನಾನು ಪರದೆಯ ಮೇಲಿನ ಒಂದೊಂದು ಸಾಲನ್ನೂ ಅಕ್ಷರ ಕೂಡಿಸಿ ಓದಿ ಹೇಳುತ್ತಾ ಹೋದೆ, ಸೊಸೆ ಕಣ್ಣು ಮುಚ್ಚಿ ಕೇಳುತ್ತಾ ಹೋದಳು. ಕೆಳಗೆ, ಇನ್ನಷ್ಟು ಎಂದು ಒತ್ತಿದರೆ ತೆರೆಯುವ ಜಾಗದಲ್ಲಿ, ಅತಿಥಿಗಳು ಮನೆಯ ನೆಟ್ಟನ್ನು ನೋಡಬಹುದು ಎಂಬ ಮಾತಿನ ಮುಂದೆ ಗುರುತು ಬಿದ್ದಿತ್ತು. ತೆಗೆಯಿರಿ ಎಂದಳು. ತೆಗೆದೆ. ಮತ್ತೆ ಪ್ರಿಂಟ್ ಒತ್ತಿದೆ. ಯಾವ ಪ್ರಿಂಟರೂ ಸಿಗಲಿಲ್ಲ ಎಂದಿತು ಫೋನು. ಆ ಮಾತನ್ನು ಇಷ್ಟು ಖುಷಿಯಿಂದ ಓದಿದವರು ಬೇರೆ ಯಾರೂ ಇರಲಿಕ್ಕಿಲ್ಲ. ವೇಳೆ ಕಟ್ಟಿ, ಅದರ ಫೋಟೋ ಸಹಿತ ಎಲ್ಲ ಕಳಿಸಿದೆವು. ಕರೆಂಟು ಆ ಹೊತ್ತಿನ ತನಕ ಹೋಗದೆ ಕಾಯ್ದಿತ್ತು. ಕಳಿಸಿದ ಮೇಲೆ ಹೋಯಿತು.

ಮೂರು ಗಂಟೆಯ ಸುಮಾರಿಗೆ ಕೆಲಸ ಶುರು ಮಾಡು ಎಂದು ಲ್ಯಾಬಿನಿಂದ ಮೆಸೇಜು ಬಂತು. ಸೊಸೆ ಅದನ್ನು ನನಗೆ ಎರಡು ಸಲ ಓದಿ ಹೇಳಿದಳು.

ಸಂಜೆ ನಾನು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಾ ಕುಳಿತಿದ್ದೆ. ಹಿತ್ತಲಲ್ಲಿ ಹಿಂದಿನ ಮನೆಯವಳ ಹೆಜ್ಜೆ ಸಪ್ಪಳವಾಯಿತು. ಒಳಗೆ ಬಾ ಎಂದು ಕರೆದೆ. ಅತಿಥಿಯ ನೆಟ್ಟು ಕಲ್ಲಿನ ತನಕ ಬರುತ್ತಿತ್ತೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ. ಇಷ್ಟು ವರ್ಷ ಹಿತ್ತಲ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವಳು. ಪಡಸಾಲೆಗೆ ಬಂದು, ಎಲ್ಲಿ ಕೂರಲಿ ಎಂಬಂತೆ ನೋಡಿದಳು. ಚಾಪೆ ತೋರಿಸಿದೆ. ಅವಳ ಫೋನು ಇಸಿದುಕೊಂಡು ಪಾಸ್‌ವರ್ಡನ್ನು ನಾನೇ ಒತ್ತಿದೆ, ಬಾಯಿಂದ ಹೇಳಲಿಲ್ಲ. ಅದು ಏನೆಂದು ಇಲ್ಲೂ ಬರೆಯುವುದಿಲ್ಲ. ಅಷ್ಟು ಬುದ್ಧಿ ಈಗ ಬಂದಿದೆ.

ಗಂಡನ ಮುಖ ಬಂತು. ತಲೆಗೆ ಟವೆಲು, ಹಿಂದೆ ಕಬ್ಬಿನ ಗಾಡಿಗಳು. ಅವನ ಕೈ ಆಡಿದ ವೇಗ ನೋಡಿದರೆ ನಿನ್ನೆಯಿಂದ ತಡೆದುಕೊಂಡದ್ದೆಲ್ಲ ಒಮ್ಮೆಲೇ ಕೇಳಿದ ಹಾಗಿತ್ತು. ನಿನ್ನೆ ಕೈ ಎತ್ತಿ ಹೇಳಲು ಹೊರಟಿದ್ದೇನು ಎಂದು ಕೇಳಿದೆ. ಹಂಗಾಮಿನ ನಡುವೆ ಒಂದು ದಿನ ಸೂಟಿ ಸಿಕ್ಕಿದೆ, ಸೋಮವಾರ ಬರುತ್ತೇನೆ ಎಂಬುದಂತೆ. ಆಮೇಲೆ ಅವಳು ಅವನಿಗೆ ನಮ್ಮ ಮನೆಯ ಕಥೆ ಹೇಳಿದಳು. ಬೆರಳಲ್ಲಿ ಡಬ್ಬಿ ಬರೆದಳು, ಬೀಗ ತಿರುವಿದಳು, ಕೆಳಗಿನ ಚಾಪೆ ತಟ್ಟಿದಳು, ನನ್ನ ಕಡೆ ಕೈ ಮಾಡಿ ಫೋನು ತಿರುಗಿಸಿದಳು.

ಅವನು ಎದೆಯ ಹತ್ತಿರ ಕೈ ಜೋಡಿಸಿದ. ರೂಢಿಯಂತೆ ನನ್ನ ಬಾಯಿಂದ "ಶರಣು ಶರಣಾರ್ಥಿ" ಬಂದುಬಿಟ್ಟಿತು. ಅವನಿಗೆ ಕೇಳಿಸುವುದಿಲ್ಲ ಎಂದು ನೆನಪಾಗಿ ಬೇಳೆಯ ಕೈಯನ್ನೇ ಎತ್ತಿ ಮುಗಿದೆ.

"ಜೋರ ಅನಬ್ಯಾಡ್ರಿ ಅಕ್ಕಾರ" ಎಂದಳು ಅವಳು, "ಮತ್ತ ಓಣಿಗೆಲ್ಲಾ ತಿಳೀತದ."

ಒಳಕೋಣೆಯಿಂದ ಸೊಸೆ ನಕ್ಕದ್ದು ಕೇಳಿಸಿತು. ನಾನು ಮೊರ ತೊಡೆಯ ಮೇಲೆ ಎಳೆದುಕೊಂಡು, ಬೇಳೆಯಲ್ಲಿ ಹಳ್ಳು ಹುಡುಕತೊಡಗಿದೆ.